ಮೈದಾನ ನೋಡಿ ಹೇಳ್ತೇವೆ

ಶುಕ್ರವಾರ

ಶಿರಸಿ ಬಸ್ ಸ್ಟ್ಯಾಂಡಿನಿಂದಲೇ ಕಾರವಾರಕ್ಕೆ ಫೋನ್ ಹಚ್ಚಿದೆವು. ಅಲ್ಲಿ ಫುಟ್‌ಬಾಲ್ ಪಂದ್ಯಾವಳಿ. ಸಂಜೆ ಏಳಕ್ಕೆ ಹೊನಲು ಬೆಳಕಿನಲ್ಲಿ ಮೊದಲ ಸೆಮಿಫೈನಲ್, ಶನಿವಾರ ಎರಡನೆಯದು, ಭಾನುವಾರ ಫೈನಲ್. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಅಂತ ಹಿಂದಿನ ದಿನದ ಪೇಪರಿನಲ್ಲೇ ಬಂದಿತ್ತು. ಸಂಘಟಕರ ಕಡೆಯ ಹುಡುಗ ಫೋನೆತ್ತಿ, ‘ಮಳೆ ಇದೆ ಸರ್, ಆದ್ರೆ ಕ್ಯಾನ್ಸಲ್ ಅಂತೇನಿಲ್ಲ. ಮೈದಾನ ನೋಡಿ ಹೇಳ್ತೇವೆ’ ಅಂದ.

ಅಣ್ಣನ ಮಗ ಲಿವರ್‌ಪೂಲ್ ಜರ್ಸಿ ತೊಟ್ಟು ಪಕ್ಕದಲ್ಲೇ ನಿಂತಿದ್ದ. ‘ಹೋಪದಾ ಬ್ಯಾಡದಾ ಅಪ್ಪಚ್ಚಿ?’ ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾದರೆ ನನಗೆ ತೋಟ ಬಿಟ್ಟು ಏಳಲಿಕ್ಕಾಗುವುದಿಲ್ಲ. ಅವನಿಗೆ ಸೋಮವಾರ ಮಧ್ಯಾಹ್ನ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಇಬ್ಬರಿಗೂ ಬಿಡುವಿದ್ದದ್ದು ಈ ವಾರಾಂತ್ಯ ಮಾತ್ರ. ಬಸ್ ಹತ್ತಿದೆವು.

ನಮ್ಮ ಘಟ್ಟದ ಮೇಲೆ ಕ್ರಿಕೆಟ್, ವಾಲಿಬಾಲ್, ಅದು ಬಿಟ್ಟರೆ ಯಕ್ಷಗಾನ. ನನಗೆ ಫುಟ್‌ಬಾಲ್ ಹುಚ್ಚು ಹಿಡಿಸಿದ್ದು ಕಾರವಾರ. ಅಲ್ಲಿ ಕಾಲೇಜು ಓದುವಾಗ ಜೊತೆಗಿದ್ದವರೆಲ್ಲ ಕಾಳಿ ದಾಟಿ ಗೋವಾಕ್ಕೆ ಹೋಗಿ ಮ್ಯಾಚ್ ನೋಡಿ ಬರುವವರು. ಬಾಯಿ ಬಿಟ್ಟರೆ ಗೋವಾದ ಕ್ಲಬ್ಬುಗಳದೇ ಹೆಸರು: ಡೆಂಪೊ, ಸಾಲಗಾಂವ್ಕರ್, ಚರ್ಚಿಲ್ ಬ್ರದರ್ಸ್. ದೇಶದ ಕ್ಲಬ್ಬುಗಳ ಲೀಗ್ ಆದ ಐ-ಲೀಗ್ ಶುರುವಾದ 2007–08ರಿಂದ 2012–13ರ ತನಕ ಪ್ರಶಸ್ತಿ ಗೋವಾ ಬಿಟ್ಟು ಹೊರಗೆ ಹೋಗಲೇ ಇಲ್ಲ. ಡೆಂಪೊ ಮೂರು ಸಲ, ಚರ್ಚಿಲ್ ಎರಡು ಸಲ, ಸಾಲಗಾಂವ್ಕರ್ ಒಂದು ಸಲ. ಆ ಸಾಲು ಮುರಿದದ್ದು ನಮ್ಮದೇ ರಾಜ್ಯದ ಬೆಂಗಳೂರು ಎಫ್‌ಸಿ. ಕೋಡಿಬಾಗದ ನನ್ನ ಗೆಳೆಯನಿಗೆ ಅದರ ಖುಷಿ ಈಗಲೂ ಅಷ್ಟಕ್ಕಷ್ಟೆ.

ದೇವಿಮನೆ ಘಟ್ಟದ ರಸ್ತೆಯ ಬಗ್ಗೆ ಈ ಕಡೆಯವರಿಗೆ ಹೇಳಬೇಕಾದ್ದಿಲ್ಲ. ಎಷ್ಟೋ ವರ್ಷದಿಂದ ಅಗಲವಾಗುತ್ತಲೇ ಇದೆ. ರಾಗಿಹೊಸಳ್ಳಿ ದಾಟುವಾಗ ಹನಿ, ಕತಗಾಲದಲ್ಲಿ ಬಿಸಿಲು, ಕುಮಟಾದಲ್ಲಿ ಧೋ ಮಳೆ. ಅಲ್ಲಿಂದ ಮುಂದೆ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಗುಡ್ಡ ಜರಿದು ಹೆದ್ದಾರಿ ಬದಿಯ ಚಹದಂಗಡಿಯನ್ನೂ ಮನುಷ್ಯರನ್ನೂ ಗಂಗಾವಳಿಗೆ ನೂಕಿದ ಜಾಗ. ಆಗ ನದಿ ಪಾಲಾದ ಲಾರಿ ಮತ್ತು ಅದರ ಚಾಲಕನ ದೇಹ ಸಿಗಲು ಸೆಪ್ಟೆಂಬರ್ ಕೊನೆ ಬರಬೇಕಾಯಿತು. ಬಸ್ಸಿನಲ್ಲಿ ಮಾತಾಡುತ್ತಿದ್ದವರೂ ಅಲ್ಲಿ ಒಮ್ಮೆ ಕಿಟಕಿಯಾಚೆ ನೋಡುತ್ತಾರೆ. ಅತ್ತಿಗೆಯ ಫೋನ್ ಬಂತು: ‘ಶಿರೂರು ದಾಟಿದ್ರಾ?’ ಮಳೆಗಾಲದ ಬಾಲ ಇನ್ನೂ ಇರುವಾಗ ಕಾರವಾರಕ್ಕೆ ಮ್ಯಾಚ್ ನೋಡಲು ಹೋಗುವುದೆಂದರೆ ಮನೆಯವರಿಗೆ ಇಷ್ಟು ಆತಂಕ ಕೊಟ್ಟು ಹೋಗುವುದು. ‘ನೋಡಿ ಹೇಳ್ತೇವೆ’ ಅನ್ನುವವರ ಲೆಕ್ಕದಲ್ಲಿ ಇದು ಇರುವುದಿಲ್ಲ.

ಸಂಜೆ ಆರಕ್ಕೇ ಮೈದಾನಕ್ಕೆ ಹೋದೆವು. ಅಡಿಕೆ ದಬ್ಬೆಯ ಬೇಲಿ, ಬಾಡಿಗೆಯ ಲೈಟ್ ಕಂಬ, ಜನರೇಟರಿನ ಹೊಗೆ, ಭಜ್ಜಿ ಕರಿಯುವ ಗಾಡಿ. ಟಿಕೆಟ್ ನೂರು ರೂಪಾಯಿ. ಕೆಂಪು ಮಣ್ಣಿನ ಮೇಲೆ ತೆಳ್ಳಗೆ ಹುಲ್ಲು, ಗೋಲ್ ಪೋಸ್ಟಿನ ಎದುರು ಮಾತ್ರ ಕೆಸರು. ಆಡಬಹುದಿತ್ತು. ಆರೂವರೆಗೆ ಸದಾಶಿವಗಡದ ತಲೆಯ ಮೇಲೆ ಮಿಂಚು ಶುರುವಾಯಿತು.

ಮಿಂಚಿನ ವಿಷಯದಲ್ಲಿ ನಾನು ತಕರಾರು ತೆಗೆಯುವುದಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಟ ನಿಲ್ಲಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಇಳಿಯಬಾರದು ಅನ್ನುವುದು ಎಷ್ಟೋ ದೇಶಗಳಲ್ಲಿ ಬಳಕೆಯಲ್ಲಿರುವ ಲೆಕ್ಕ. ಅಣ್ಣನ ಮಗ ಕೈಯಲ್ಲಿ ಮೊಬೈಲ್ ಹಿಡಿದು ಸೆಕೆಂಡ್ ಎಣಿಸಿದ. ಎಂಟು. ಮುಂದಿನದು ಆರು. 2025ರ ಜೂನ್ 28ರಂದು ಅಮೆರಿಕದ ಷಾರ್ಲೆಟ್‌ನಲ್ಲಿ ಕ್ಲಬ್ ವಿಶ್ವಕಪ್ ಪಂದ್ಯ ಹೀಗೇ ನಿಂತದ್ದನ್ನು ಅವನೇ ನೆನಪಿಸಿದ. ಚೆಲ್ಸಿ 1–0 ಮುಂದಿದ್ದು ಇನ್ನು ನಾಲ್ಕೈದು ನಿಮಿಷ ಬಾಕಿ ಇರುವಾಗ ಆಟ ನಿಂತು, ಸುಮಾರು ಎರಡು ಗಂಟೆ ಕಾದು, ಮತ್ತೆ ಶುರುವಾದ ಮೇಲೆ ಬೆನ್‌ಫಿಕಾ ಪೆನಾಲ್ಟಿಯಲ್ಲಿ ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ ಚೆಲ್ಸಿ 4–1ರಿಂದ ಗೆದ್ದಿತ್ತು. ಅಲ್ಲಿ ಜನರನ್ನು ಗ್ಯಾಲರಿಯಿಂದ ಒಳಗೆ ಕಳಿಸಿದ್ದರು. ಇಲ್ಲಿ ನಾವು ಕಬ್ಬಿಣದ ಕಂಬದ ಬುಡದಲ್ಲಿ ಛತ್ರಿ ಹಿಡಿದು ನಿಂತಿದ್ದೆವು.

ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಏಳಕ್ಕೆ ಮೊದಲೇ ರೆಫರಿ ಮೈದಾನದ ನಡುವೆ ನಿಂತು ಕೈ ಅಡ್ಡ ಆಡಿಸಿದ್ದನ್ನು ಬೇಲಿಯ ಹತ್ತಿರ ಇದ್ದವರೆಲ್ಲ ಕಂಡಿದ್ದರು. ಟಿಕೆಟ್ ಕೌಂಟರ್ ಮಾತ್ರ ಏಳೂಕಾಲರ ತನಕ ತೆರೆದೇ ಇತ್ತು. ಎಂಟೂ ಹತ್ತಕ್ಕೆ ಮೈಕಿನಲ್ಲಿ ಬಂತು: ‘ಪ್ರೇಕ್ಷಕರ ಸುರಕ್ಷತೆಯ ದೃಷ್ಟಿಯಿಂದ…’ ಮುಂದಿನದು ಮಳೆಯಲ್ಲಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಶನಿವಾರ

ಗೆಳೆಯನ ಮನೆಯಲ್ಲಿ ಬೆಳಿಗ್ಗೆ ಬನ್ಸು, ಭಾಜಿ. ಅವನ ತಾಯಿ ನನಗಾಗಿ ಮೀನಿನ ಪಾತ್ರೆಯನ್ನು ಒಲೆಯ ಆಚೆ ಸರಿಸಿ, ಸೋಲ್ ಕಡಿ ಬೇರೆ ಮಾಡಿಟ್ಟಿದ್ದರು. ಅಣ್ಣನ ಮಗ ಒಲೆಯ ಆಚೆಯ ಪಾತ್ರೆಯ ಕಡೆಗೇ ಹೋದ. ಊರಿನಲ್ಲಿ ಹೇಳಬಾರದು ಎಂಬ ಒಪ್ಪಂದ ಇದೆ. ಇಲ್ಲಿ ಬರೆದದ್ದು ಹೇಳಿದ ಹಾಗೆ ಆಗುವುದಿಲ್ಲ ಅಂದುಕೊಂಡಿದ್ದೇನೆ.

ಹತ್ತು ಗಂಟೆಗೆ ಮೂವರೂ ಬೈತಖೋಲ ಬಂದರಿಗೆ ಹೋದೆವು. ಮೀನುಗಾರಿಕೆ ಧಕ್ಕೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಬೋಟುಗಳು, ಹೊರಗಡೆ ಲಂಗರು ಹಾಕಿದವು ಇನ್ನಷ್ಟು. ಗಾಳಿ ಎದ್ದಾಗ ಗೋವಾ, ಮಹಾರಾಷ್ಟ್ರ, ಗುಜರಾತದ ಬೋಟುಗಳೂ ಇಲ್ಲಿಗೇ ಬಂದು ಸೇರುತ್ತವೆ. ಮೂರು ಕಡೆ ಗುಡ್ಡ, ದ್ವೀಪಗಳ ಮರೆ ಇರುವ ಸಹಜ ಬಂದರು ಇದು. ಬಂದರಿನಲ್ಲಿ ಮೂರನೇ ನಂಬರಿನ ಎಚ್ಚರಿಕೆಯ ಸಂಕೇತ ಏರಿಸಿದ್ದಾರೆ ಅಂದರು. ಬಲೆ ಹೊಲಿಯುತ್ತಿದ್ದ ಒಬ್ಬರನ್ನು ಗೆಳೆಯ ಕೊಂಕಣಿಯಲ್ಲಿ ಮಾತಾಡಿಸಿದ. ಕಡಲಿಗೆ ಇಳಿಯಬೇಡಿ ಅಂತ ಗುರುವಾರವೇ ಹೇಳಿದ್ದರಂತೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಹೇಗೂ ನಿಷೇಧ. ಆಗಸ್ಟಿನಲ್ಲಿ ಇಳಿದವರಿಗೆ ಈಗ ಮತ್ತೆ ಕೈ ಕಟ್ಟಿದ ಹಾಗಾಗಿದೆ. ದಿನದ ದುಡಿಮೆ ಹೋದ ಅವರ ಬಾಯಲ್ಲೂ ಗೊಣಗಾಟ ಇತ್ತು, ಆದರೆ ಅದು ಮಳೆಯ ಮೇಲೆ. ಹೇಳಿದವರ ಮೇಲಲ್ಲ.

‘ನೋಡಿ ಹೆಗ್ಡೇರೇ,’ ಗೆಳೆಯ ಅಂದ, ‘ಬೋಟಿನವರಿಗೆ ಗುರುವಾರವೇ ಗೊತ್ತು. ಚೆಂಡಿನವರಿಗೆ ಶನಿವಾರ ಸಂಜೆಯಾದ್ರೂ ಗೊತ್ತಾಗೂದಿಲ್ಲ. ಆಕಾಶ ಒಂದೇ ಅಲ್ವಾ?’

ಸಂಘಟಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ರೆಫರಿಗಳನ್ನು ಕರೆಸಿರುತ್ತಾರೆ, ಲೈಟಿನವರಿಗೆ, ಶಾಮಿಯಾನದವರಿಗೆ ದಿನಬಾಡಿಗೆ, ಎರಡೂ ತಂಡಕ್ಕೆ ಹೊರಗಿನಿಂದ ಬಂದ ಆಟಗಾರರ ಊಟ, ವಸತಿ. ಬೆಳಿಗ್ಗೆಯೇ ‘ಇಲ್ಲ’ ಅಂದುಬಿಟ್ಟು ಮಧ್ಯಾಹ್ನ ಬಿಸಿಲು ಬಂದರೆ ಊರಿನವರು ಬಿಡುವುದಿಲ್ಲ. ಆಟದ ಐದನೇ ನಿಯಮದ ಪ್ರಕಾರ ಪಂದ್ಯ ನಿಲ್ಲಿಸುವ, ಕೈಬಿಡುವ ಅಧಿಕಾರ ರೆಫರಿಯದು. ಹಾಗಾಗಿ ‘ರೆಫರಿ ನೋಡ್ಲಿ’ ಅಂತ ಜವಾಬ್ದಾರಿ ಅವನ ತಲೆಗೆ ಕಟ್ಟುವುದು ಸುಲಭ. ಆದರೆ ರೆಫರಿ ಮೈದಾನ ನೋಡುವುದಕ್ಕೆ ಸಂಜೆ ಆರೂವರೆಯೇ ಆಗಬೇಕು ಅಂತ ಯಾವ ನಿಯಮದಲ್ಲಿದೆ? ಬೆಳಿಗ್ಗೆ ಒಮ್ಮೆ ನೋಡಬಹುದು, ಮಧ್ಯಾಹ್ನ ಎರಡಕ್ಕೆ ಇನ್ನೊಮ್ಮೆ.

ಎರಡಕ್ಕೆ ನಾವೇ ಹೋಗಿ ನೋಡಿದೆವು. ರಾತ್ರಿಯ ಮಳೆ ಮೈದಾನದ ಪಡುವಣ ಮೂಲೆಯಲ್ಲಿ ಮೊಣಕಾಲಿಗಿಂತ ತುಸು ಕೆಳಗೆ ನಿಂತಿತ್ತು. ಕಾರವಾರದ ತೊಂದರೆ ಬರೀ ಆಕಾಶದ್ದಲ್ಲ. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು. ನೀರೆಲ್ಲ ಕಡಲಿಗೇ ಹೋಗಬೇಕು. ಭರತದ ಹೊತ್ತಿನಲ್ಲಿ ಕಡಲೇ ನಾಲೆಯ ಬಾಯಿಗೆ ಬಂದು ನಿಲ್ಲುತ್ತದೆ, ಇಳಿತ ಆಗುವ ತನಕ ಒಳಗಿನ ನೀರು ಅಲ್ಲಾಡುವುದಿಲ್ಲ. ಹುಡುಗರು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಚರಂಡಿಗೆ ಸುರಿಯುತ್ತಿದ್ದರು, ಚರಂಡಿ ಅದನ್ನೇ ಮರಳಿ ಕೊಡುತ್ತಿತ್ತು. ಸಾಮಿಲ್ಲಿನಿಂದ ಮರದ ಹೊಟ್ಟು ತಂದು ಹರವಿದರು. ಅಣ್ಣನ ಮಗ ಭುಜದೆತ್ತರದಿಂದ ಚೆಂಡು ಬಿಟ್ಟ. ಪುಟಿಯಲಿಲ್ಲ. ಕಾಲಿನಿಂದ ತಳ್ಳಿದ, ಒಂದು ಮಾರು ಹೋಗಿ ನಿಂತಿತು. ‘ಅಪ್ಪಚ್ಚಿ, ಇದು ಆಗ್ತಿಲ್ಲೆ’ ಅಂದ. ಫುಟ್‌ಬಾಲ್ ಗೊತ್ತಿರುವ ಯಾರಿಗೇ ಆದರೂ ಅಷ್ಟು ಸಾಕು.

ವಾಟ್ಸ್‌ಆಪ್ ಗುಂಪಿನಲ್ಲಿ ನಾಲ್ಕಕ್ಕೆ ಬಂದ ಸಂದೇಶ: ‘ಮೈದಾನ ಸಿದ್ಧವಾಗುತ್ತಿದೆ. ಅಭಿಮಾನಿಗಳು ಹೆಚ್ಚಿನ ಸಂಖ್ಯೆಯಲ್ಲಿ ಬನ್ನಿ.’ ಬಂದರು ಪಾಪ. ಮುಂಡಗೋಡದ ಟಿಬೆಟನ್ ಕಾಲನಿಯ ಹುಡುಗರು ಒಂದು ಕ್ರೂಸರಿನಲ್ಲಿ ತುಂಬಿಕೊಂಡು ಘಟ್ಟ ಇಳಿದು ಬಂದಿದ್ದರು. ಮಡಗಾಂವ್ ಕಡೆಯಿಂದ ಒಂದು ಬಸ್ಸು ಕಾಳಿ ಸೇತುವೆ ದಾಟಿ ಬಂತು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿಯೊಂದರ ಸಮೇತ ಹೊಳೆಗೆ ಕುಸಿದದ್ದು ಗೊತ್ತಿದ್ದವರು ಮಳೆಯಲ್ಲಿ ಪಕ್ಕದ ಹೊಸ ಸೇತುವೆ ದಾಟುವಾಗ ಹರಟೆ ನಿಲ್ಲಿಸುತ್ತಾರೆ ಅಂತ ಬಸ್ಸಿನಿಂದ ಇಳಿದ ಹಿರಿಯರೊಬ್ಬರು ಹೇಳಿದರು. ಅವರ ಕೈಯಲ್ಲಿ ಡೋಲು. ಅದನ್ನು ಬಾರಿಸುವ ಸಂದರ್ಭ ಬರಲಿಲ್ಲ. ಆರೂ ನಲವತ್ತಕ್ಕೆ ರೆಫರಿ ಬಂದರು, ಚೆಂಡು ಬಿಟ್ಟರು, ಎರಡು ನಿಮಿಷದಲ್ಲಿ ಹೊರಟರು. ನಾವು ಎರಡು ಗಂಟೆಗೆ ಕಂಡದ್ದನ್ನೇ ಅವರು ಕಂಡದ್ದು.

ಗಲಾಟೆ ಆಯಿತು, ಆದರೆ ದೊಡ್ಡದಲ್ಲ. ಕೌಂಟರಿನ ಎದುರು ಜನ ಸೇರಿ ದುಡ್ಡು ಕೇಳಿದರು. ‘ಟಿಕೆಟ್ ಇಟ್ಕೊಳ್ಳಿ, ನಾಳೆಗೂ ನಡೀತದೆ’ ಅಂದರು. ನಾಳೆ ಇರಲಾರದವರು ಏನು ಮಾಡಬೇಕು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಕ್ರೂಸರಿನ ಹುಡುಗರು ಏನೂ ಮಾತಾಡದೆ ಎರಡೆರಡು ಪ್ಲೇಟ್ ಭಜ್ಜಿ ತಿಂದು ವಾಪಸ್ ಹೊರಟರು. ರಾತ್ರಿ ಘಟ್ಟ ಹತ್ತಬೇಕಿತ್ತು.

ಮನೆಗೆ ಬಂದ ಮೇಲೆ ಅಣ್ಣನ ಮಗ ತನ್ನ ಹಳೆಯ ನೋವು ತೆಗೆದ. 2024ರ ಡಿಸೆಂಬರ್ 7. ಎವರ್ಟನ್–ಲಿವರ್‌ಪೂಲ್ ಪಂದ್ಯ, ಎವರ್ಟನ್ನಿನ ಮೈದಾನ ಗುಡಿಸನ್ ಪಾರ್ಕಿನಲ್ಲಿ ಒಂದೇ ಊರಿನ ಈ ಎರಡು ಪುರುಷರ ತಂಡಗಳ ಲೀಗಿನ ಕೊನೆಯ ಡರ್ಬಿ. ನಮ್ಮ ಸಂಜೆ ಆರಕ್ಕೆ ಶುರು. ಡರಾ ಅನ್ನುವ ಬಿರುಗಾಳಿಯ ಕಾರಣಕ್ಕೆ ಅದೇ ದಿನ ಬೆಳಿಗ್ಗೆ ಮುಂದೂಡಿದರು. ‘ಆನು ಹಾಸ್ಟೆಲಲ್ಲಿ ಟೀವಿ ಮುಂದೆ ಜಾಗ ಹಿಡಕಂಡು ಕೂತಿದ್ದಿ’ ಅಂದ. ಅವನದು ಒಂದು ಸಂಜೆ ಹೋಯಿತು ಅಷ್ಟೆ. ಪರದೇಶದಿಂದ ವಿಮಾನ ಹತ್ತಿ ಹೋಗಿ ಹೋಟೆಲಿನಲ್ಲಿದ್ದವರ ಪಾಡೇನು? ಅಲ್ಲಿಯೂ ಗಾಳಿಯ ಎಚ್ಚರಿಕೆ ಹಿಂದಿನ ದಿನವೇ ಇತ್ತು. ಕೊನೆಗೆ 2025ರ ಫೆಬ್ರವರಿ 12ರಂದು ಆಡಿದರು. 2–2. ಎವರ್ಟನ್ನಿನ ಟಾರ್ಕೋವ್‌ಸ್ಕಿ 98ನೇ ನಿಮಿಷದಲ್ಲಿ ಸಮ ಮಾಡಿದ. ಇವನಿಗೆ ಮುಂದೂಡಿಕೆಗಿಂತ ಆ ಗೋಲಿನ ಸಿಟ್ಟೇ ಹೆಚ್ಚು ಅನ್ನುವುದು ಬೇರೆ ಮಾತು.

‘ಅವರಿಗೆ ಮಾಡು ಇರ್ಲಿಲ್ಲ. ಮಾಡು ಇದ್ದವರ ಕಥೆ ಕೇಳು’ ಅಂತ ಗೆಳೆಯ ಶುರುಮಾಡಿದ. 2012ರ ಅಕ್ಟೋಬರ್ 16, ವಾರ್ಸಾ. ಪೋಲೆಂಡ್–ಇಂಗ್ಲೆಂಡ್ ವಿಶ್ವಕಪ್ ಅರ್ಹತಾ ಪಂದ್ಯ. ಹೊಚ್ಚ ಹೊಸ ರಾಷ್ಟ್ರೀಯ ಕ್ರೀಡಾಂಗಣ, ಮುಚ್ಚಿ ತೆರೆಯುವ ಚಾವಣಿ. ಚಾವಣಿ ತೆರೆದೇ ಇತ್ತು, ಮಳೆ ಸುರಿಯಿತು, ಸುರಿಯತೊಡಗಿದ ಮೇಲೆ ಮುಚ್ಚುವ ಹಾಗಿರಲಿಲ್ಲ. ಜನರನ್ನು ಕೂರಿಸಿಯೇ ಇಟ್ಟು, ಪಂದ್ಯದ ಹೊತ್ತು ಮೀರಿದ ಮೇಲೆ ಮರುದಿನಕ್ಕೆ ಹಾಕಿದರು. ಒಂದಿಬ್ಬರು ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ನೀರಿನಲ್ಲಿ ಹೊಟ್ಟೆಯ ಮೇಲೆ ಜಾರಿದ ವಿಡಿಯೊ ಲೋಕವೆಲ್ಲ ನೋಡಿತು. ಮರುದಿನ 1–1. ಗೆಳೆಯನ ತಾಯಿ ಒಳಗಿನಿಂದ ಕೇಳಿದರು, ‘ಕೋಟಿಗಟ್ಟಲೆ ಕೊಟ್ಟು ಮಾಡು ಕಟ್ಟಿದ್ದು ಯಾತಕ್ಕೆ ಹಾಗಾದ್ರೆ?’

ಭಾನುವಾರ

ಬೆಳಿಗ್ಗೆ ಸುಡು ಬಿಸಿಲು. ಹೊಸ ಪಟ್ಟಿ ಬಂತು: ಸಂಜೆ ನಾಲ್ಕಕ್ಕೆ ಮೊದಲ ಸೆಮಿ, ಲೈಟಿನ ಹಂಗಿಲ್ಲ. ಎರಡನೆಯದು ಸೋಮವಾರ. ಫೈನಲ್ ‘ನಂತರ ತಿಳಿಸಲಾಗುವುದು’. ಫೈನಲ್ ಆಸೆ ಅಲ್ಲಿಗೆ ಬಿಟ್ಟೆವು, ಒಂದು ಸೆಮಿಯಾದರೂ ಸಿಗಲಿ ಅಂತ ಕೂತೆವು. ನಡುವೆ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋಗಿ ಚಾಪೆಲ್ ಯುದ್ಧನೌಕೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕಳೆದದ್ದು ಬಿಟ್ಟರೆ ಪ್ರವಾಸ ಅನ್ನುವಂಥದ್ದೇನೂ ನಡೆಯಲಿಲ್ಲ. ಕಡಲು ಕಂದು ಬಣ್ಣಕ್ಕೆ ತಿರುಗಿತ್ತು.

ಮೂರಕ್ಕೆ ಪಡುವಣದಿಂದ ಕಪ್ಪು ಮೋಡ, ಹಿಂದೆಯೇ ಗಾಳಿ. ಶಾಮಿಯಾನದ ಒಂದು ಬದಿ ಹರಿದು ಗೋಲಿನ ಬಲೆಗೆ ಸುತ್ತಿಕೊಂಡಿತು, ಒಂದು ಲೈಟ್ ಕಂಬ ವಾಲಿತು. ಈ ಸಲ ಮೈಕೂ ಇಲ್ಲ, ಪ್ರಕಟಣೆಯೂ ಇಲ್ಲ. ವಾಲಿದ ಕಂಬದ ಫೋಟೊ ಗುಂಪಿಗೆ ಬಂತು, ಕೆಳಗೆ ಕೈ ಮುಗಿದ ಚಿತ್ರ. ಅರ್ಥ ಮಾಡಿಕೊಳ್ಳಬೇಕು.

ನಮ್ಮ ಹಾಗೆ ಸಿಕ್ಕಿಬಿದ್ದ ಎಂಟ್ಹತ್ತು ಜನ ಎದುರಿನ ಚಹದಂಗಡಿಗೆ ನುಗ್ಗಿದೆವು. ಅಲ್ಲಿ ನಾನು ಇಂಗ್ಲೆಂಡಿನ ಒಂದು ಹಳೆಯ ಸಂಗತಿ ಹೇಳಿದೆ. 1962–63ರ ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದು ಮೈದಾನಗಳೆಲ್ಲ ಕಲ್ಲಾಗಿ, ಎಫ್‌ಎ ಕಪ್ಪಿನ ಮೂರನೇ ಸುತ್ತು ಮುಗಿಯಲು 66 ದಿನ ಹಿಡಿಯಿತು. ಪಂದ್ಯಗಳ ಫಲಿತಾಂಶ ಊಹಿಸಿ ದುಡ್ಡು ಕಟ್ಟುವ ಪೂಲ್ಸ್ ಅಲ್ಲಿ ದೊಡ್ಡ ವ್ಯವಹಾರ. ಪಂದ್ಯವೇ ಇಲ್ಲದೆ ಅದು ನಡೆಯುವುದು ಹೇಗೆ? ಮಾಜಿ ಆಟಗಾರರೂ ಒಬ್ಬ ರೆಫರಿಯೂ ಇದ್ದ ಸಮಿತಿಯೊಂದನ್ನು 1963ರ ಜನವರಿಯಲ್ಲಿ ಕೂರಿಸಿ, ಆಡದ ಪಂದ್ಯಗಳನ್ನು ಯಾರು ಗೆಲ್ಲುತ್ತಿದ್ದರು ಅಂತ ತೀರ್ಮಾನ ಮಾಡಿಸಿದರು.

ಹೇಳಿದ್ದೇ ತಡ, ಅಂಗಡಿಯಲ್ಲೇ ಸಮಿತಿ ಕೂತಿತು. ಡೋಲಿನ ಹಿರಿಯರು ಶನಿವಾರ ಹೋಗದೆ ಊರಿನ ನೆಂಟರ ಮನೆಯಲ್ಲಿ ಉಳಿದಿದ್ದರು, ಅವರೇ ಅಧ್ಯಕ್ಷರು. ಗೋವಾ ತಂಡ 2–0 ಅಂತ ಅವರು, ಕೆಸರಿನಲ್ಲಿ ಗೋವಾದವರ ಪಾಸಿಂಗ್ ನಡೆಯುವುದಿಲ್ಲ, ಕಾರವಾರ 1–0 ಅಂತ ನನ್ನ ಗೆಳೆಯ. ಗೋಲು ಹೊಡೆದವರು ಯಾರು, ಎಷ್ಟನೇ ನಿಮಿಷ, ಆಫ್‌ಸೈಡ್ ಹೌದೋ ಅಲ್ಲವೋ ಎಂಬಲ್ಲಿಗೆ ವಾದ ಹೋಗಿ, ಆಗದ ಗೋಲಿಗೆ ಇಬ್ಬರು ನಿಜವಾಗಿ ಮುನಿಸಿಕೊಂಡರು. ಆ ಮೂರು ದಿನದಲ್ಲಿ ನಾನು ಕಂಡ ಒಳ್ಳೆಯ ಪಂದ್ಯ ಅದೇ.

‘ಮಳೆ ಅಂದ್ರೆ ನಮ್ಗೆ ಆಗೂದೇ ಇಲ್ಲ’ ಅಂತ ಗೆಳೆಯ ಕೊನೆಗೆ 2015ಕ್ಕೆ ಹೋದ. ಆ ವರ್ಷ ಚೆನ್ನೈ ನೆರೆಯಲ್ಲಿ ಮುಳುಗಿ, ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಚೆನ್ನೈಯಿನ್ ತಂಡ ತವರಿನಲ್ಲಿ ಆಡಬೇಕಿದ್ದ ಸೆಮಿಫೈನಲ್ ಪಂದ್ಯ ಪುಣೆಗೆ ಹೋಯಿತು. ತವರು ಮೈದಾನ ಕಳೆದುಕೊಂಡ ತಂಡ ಅಲ್ಲಿ ಕೋಲ್ಕತ್ತವನ್ನು 3–0ರಿಂದ ಸೋಲಿಸಿತು. ಡಿಸೆಂಬರ್ 20ರ ಫೈನಲ್ ಗೋವಾದ ಫಾತೊರ್ಡಾದಲ್ಲಿ, ಎದುರಾಳಿ ಎಫ್‌ಸಿ ಗೋವಾ. ಕೊನೆಯ ನಿಮಿಷಗಳ ತನಕ ಗೋವಾ 2–1 ಮುಂದಿತ್ತು. ಮುಗಿದಾಗ ಚೆನ್ನೈಯಿನ್ 3–2. ಗೆಳೆಯ ಅವತ್ತು ಗ್ಯಾಲರಿಯಲ್ಲಿದ್ದ. ‘ಆದ್ರೂ ಒಂದು ಮಾತು. ಸೆಮಿ ಪುಣೆಯಲ್ಲಿ ಅಂತ ಮೊದ್ಲೇ ಹೇಳಿದ್ರು. ಚೆನ್ನೈ ಗೇಟಿಗೆ ಬಂದವರನ್ನ ವಾಪಸ್ ಕಳಿಸಲಿಲ್ಲ.’

ಅಷ್ಟು ಹೊತ್ತಿಗೆ ಸಂಘಟಕರಲ್ಲೊಬ್ಬರು ಚಹಕ್ಕೆ ಬಂದರು. ಕೂರಿಸಿ, ಜಗಳವಿಲ್ಲದೆ ಹೇಳಿದೆವು: ಮಧ್ಯಾಹ್ನ ಎರಡಕ್ಕೆ ಮೈದಾನ ನೋಡಿ ಒಂದು ಮಾತು ಹೇಳಿ. ಆಗದಿದ್ದರೆ ಆಗ ಬೇಡವೆನ್ನಿ, ಅನುಮಾನವಿದ್ದರೆ ಅನುಮಾನ ಎನ್ನಿ. ದೂರದವರು ತಾವೇ ತೀರ್ಮಾನ ಮಾಡಿಕೊಳ್ಳುತ್ತಾರೆ. ‘ಹೆಚ್ಚಿನ ಸಂಖ್ಯೆಯಲ್ಲಿ ಬನ್ನಿ’ ಅಂತ ಮಾತ್ರ ಹಾಕಬೇಡಿ. ಆತ ರಾತ್ರಿ ನಿದ್ದೆಗೆಟ್ಟ ಕಣ್ಣಿನವ. ಎಲ್ಲಕ್ಕೂ ತಲೆಯಾಡಿಸಿ, ‘ದುಡ್ಡಿನ ವಿಷಯ ಮೀಟಿಂಗಿನಲ್ಲಿ ಇಡ್ತೇನೆ’ ಅಂದ. ನಮ್ಮ ಚಹದ ದುಡ್ಡನ್ನು ಅವನೇ ಕೊಟ್ಟ.

ಸೋಮವಾರ

ಮೊದಲ ಬಸ್ಸು. ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ, ನಮ್ಮನ್ನು ಅಣಕಿಸಲಿಕ್ಕೇ ಎದ್ದ ಹಾಗಿನ ಬಿಸಿಲು. ಅಂಕೋಲಾ ತಲುಪುವಾಗ ಗುಂಪಿನಲ್ಲಿ ಸಂದೇಶ: ‘ಇಂದು ಎರಡೂ ಸೆಮಿಫೈನಲ್ ಖಚಿತ. ಮಧ್ಯಾಹ್ನ 2 ಮತ್ತು 4.’ ಅಣ್ಣನ ಮಗ ನನಗೆ ಓದಿ ಹೇಳಿದ, ಕಿಟಕಿಯ ಕಡೆ ತಿರುಗಿದ, ಕುಮಟಾದ ತನಕ ಮಾತಾಡಲಿಲ್ಲ. ಎರಡಕ್ಕೆ ಅವನ ಪರೀಕ್ಷೆ.

ಶಿರಸಿಯಲ್ಲಿ ಅವನನ್ನು ಕಾಲೇಜಿನ ಗೇಟಿಗೆ ಬಿಟ್ಟು ನಾನು ಮನೆಗೆ ಹೋದೆ. ಸಂಜೆ ಗೆಳೆಯನ ಫೋನು. ಮೊದಲ ಸೆಮಿಯಲ್ಲಿ ಕಾರವಾರ 2–1. ಸೋಮವಾರದ ಕೆಲಸದ ದಿನ, ಅದೂ ಎರಡು ಗಂಟೆ. ಬೇಲಿಯ ಸುತ್ತ ನೂರು ಜನರೂ ಇರಲಿಲ್ಲವಂತೆ. ಗೋಲು ಬಿದ್ದಾಗ ಕೂಗು ಎದುರಿನ ಅಂಗಡಿಗೂ ಕೇಳಲಿಲ್ಲ ಅಂದ. ಫೈನಲ್ ಬರುವ ಭಾನುವಾರ.

‘ಮತ್ತೆ ಟಿಕೆಟ್ ದುಡ್ಡು?’ ಕೇಳಿದೆ.

‘ವಾಪಸ್ ಕೊಡ್ತಾರಂತೆ ಹೆಗ್ಡೇರೇ, ಮೀಟಿಂಗಿನಲ್ಲಿ ಪಾಸಾಯ್ತು. ಶುಕ್ರವಾರದೊಳಗೆ ಟಿಕೆಟ್ ತಗೊಂಡು ಕೌಂಟರಿಗೆ ಖುದ್ದು ಬರ್ಬೇಕಂತೆ.’

ಶಿರಸಿಯಿಂದ ಕಾರವಾರಕ್ಕೆ ಹೋಗಿ ಬರುವ ಬಸ್ ಚಾರ್ಜು ಆ ನೂರು ರೂಪಾಯಿಗಿಂತ ಎಷ್ಟು ಹೆಚ್ಚು ಅಂತ ಇಬ್ಬರೂ ಲೆಕ್ಕ ಹಾಕಿ ನಕ್ಕೆವು. ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಬಂದ ಅಣ್ಣನ ಮಗ ಬಾಗಿಲಲ್ಲೇ ಕೇಳಿದ: ‘ಅಪ್ಪಚ್ಚಿ, ಫೈನಲ್ಲಿನ ದಿನ ಮಳೆ ಇದ್ದಡಾ?’